ಸ್ವಂತ ವಿನ್ಯಾಸದ ಟಿ-ಶರ್ಟ್ ಮಾರಲು ಯಾವ ಪ್ರಿಂಟ್-ಆನ್-ಡಿಮ್ಯಾಂಡ್ ಸೇವೆ ಒಳ್ಳೆಯದು?

ಅಕ್ಷರಪ್ರಿಯೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಕನ್ನಡ ಅಕ್ಷರಗಳನ್ನೇ ಮುಖ್ಯವಾಗಿಟ್ಟುಕೊಂಡು ಟಿ-ಶರ್ಟ್‌ಗಳಿಗೆ ಕೆಲವು ವಿನ್ಯಾಸಗಳನ್ನು ಮಾಡಿದ್ದೇನೆ. ರಾಜ್ಯೋತ್ಸವದ ಹೊತ್ತಿಗೆ ಅವುಗಳನ್ನು ಮಾರಾಟಕ್ಕಿಡಬೇಕೆಂಬ ಆಸೆಯಿದೆ. ನೂರಾರು ಅಂಗಿಗಳನ್ನು ಮೊದಲೇ ಅಚ್ಚು ಹಾಕಿಸಿ ಮನೆಯಲ್ಲಿ ಪೇರಿಸಿಡುವಷ್ಟು ಬಂಡವಾಳ ನನ್ನಲ್ಲಿಲ್ಲವಾದ್ದರಿಂದ, ಆರ್ಡರ್ ಬಂದ ಮೇಲೆ ಒಂದೊಂದಾಗಿ ಮುದ್ರಿಸಿ ನೇರವಾಗಿ ಗ್ರಾಹಕರಿಗೆ ಕಳುಹಿಸುವ ಸೇವೆಯನ್ನು ಹುಡುಕುತ್ತಿದ್ದೇನೆ. ಕ್ವಿಕಿಂಕ್, ಪ್ರಿಂಟ್ರೋವ್, ರೆಡ್‌ಬಬಲ್, ಪ್ರಿಂಟ್‌ಫುಲ್ ಎಂಬ ಹೆಸರುಗಳನ್ನು ಕೇಳಿದ್ದೇನೆ. ಇವುಗಳಲ್ಲಿ ಯಾವುದು ನನಗೆ ಹೊಂದುತ್ತದೆ? ಕೇಳುತ್ತಿರುವವರಲ್ಲಿ ಹೆಚ್ಚಿನವರು ಬೆಂಗಳೂರು, ಮೈಸೂರಿನವರು. ಅಮೆರಿಕದಲ್ಲಿರುವ ಪರಿಚಿತರೂ ಕೆಲವರಿದ್ದಾರೆ.

ನೂಲುಗಾರ

ನೀವು ಹೇಳಿದ ನಾಲ್ಕು ಹೆಸರುಗಳು ಒಂದೇ ಜಾತಿಯವಲ್ಲ. ರೆಡ್‌ಬಬಲ್ ಒಂದು ಮಾರುಕಟ್ಟೆ: ಗ್ರಾಹಕರು ಅದರ ತಾಣಕ್ಕೇ ಬರುತ್ತಾರೆ, ಅದು ನಿಗದಿ ಮಾಡಿದ ಮೂಲಬೆಲೆಯ ಮೇಲೆ ನೀವು ನಿಮ್ಮ ಪಾಲನ್ನು ಸೇರಿಸುತ್ತೀರಿ, ಉಳಿದದ್ದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. 2023ರಿಂದ ಅದು ಮಾರಾಟಗಾರರನ್ನು ವರ್ಗಗಳಾಗಿ ವಿಂಗಡಿಸಿ, ಕೆಳವರ್ಗದವರ ಗಳಿಕೆಯಿಂದ ಖಾತೆ ಶುಲ್ಕವನ್ನೂ ಹಿಡಿದುಕೊಳ್ಳುತ್ತಿದೆ. ತಿರುಪ್ಪೂರಿನ ಕ್ವಿಕಿಂಕ್ ಮತ್ತು ಚೆನ್ನೈನ ಪ್ರಿಂಟ್ರೋವ್ ಹಾಗಲ್ಲ; ಅಂಗಡಿ ನಿಮ್ಮದು, ಗ್ರಾಹಕರನ್ನು ಕರೆತರುವ ಹೊಣೆಯೂ ನಿಮ್ಮದು, ಮುದ್ರಿಸಿ ನಿಮ್ಮ ಹೆಸರಿನಲ್ಲಿ ಕಳುಹಿಸುವುದಷ್ಟೇ ಅವರ ಕೆಲಸ. ಬೆಂಗಳೂರು, ಮೈಸೂರಿನವರಿಗೆ ಮಾರುವುದಾದರೆ ಈ ಎರಡನೆಯ ಬಗೆಯೇ ಸರಿ. ತಿರುಪ್ಪೂರು ಹೊಸೈರಿ ಬಟ್ಟೆಯ ತವರೂ ಹೌದು, ಕರ್ನಾಟಕಕ್ಕೆ ಹತ್ತಿರವೂ ಹೌದು.

ಅಮೆರಿಕದ ಆರ್ಡರ್‌ಗಳನ್ನು ಇದರಲ್ಲಿ ಬೆರೆಸಬೇಡಿ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಅಲ್ಲಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ ಕೊನೆಯಲ್ಲಿ ರದ್ದಾಯಿತು. ಹಾಗಾಗಿ ಇಲ್ಲಿಂದ ಹೋಗುವ ಒಂದೇ ಒಂದು ಅಂಗಿಗೂ ಸುಂಕದ ಲೆಕ್ಕ ಬರುತ್ತದೆ. ಅವರಿಗಾಗಿ ಪ್ರಿಂಟ್‌ಫುಲ್ ಅಥವಾ ಪ್ರಿಂಟಿಫೈ ಮೂಲಕ ಅಲ್ಲಿಯೇ ಮುದ್ರಿಸುವುದು ಮೇಲು. ಈ ಎರಡೂ ಕಂಪನಿಗಳು 2024ರಲ್ಲಿ ವಿಲೀನ ಘೋಷಿಸಿದವಾದರೂ ವಿನ್ಯಾಸಕಾರರ ಪಾಲಿಗೆ ಆಯ್ಕೆಯ ತರ್ಕ ಬದಲಾಗಿಲ್ಲ.

ಇಷ್ಟಾದ ಮೇಲೆ ಕ್ವಿಕಿಂಕೋ ಪ್ರಿಂಟ್ರೋವೋ ಎಂಬುದು ನನ್ನ ದೃಷ್ಟಿಯಲ್ಲಿ ದೊಡ್ಡ ಪ್ರಶ್ನೆಯಲ್ಲ. ಎರಡೂ ಕಡೆಯಿಂದ ಒಂದೇ ವಿನ್ಯಾಸದ, ಒಂದೇ ಅಳತೆಯ ಕಪ್ಪು ಅಂಗಿಯನ್ನು ತರಿಸಿಕೊಂಡು, ಮನೆಯಲ್ಲಿ ಎಂದಿನಂತೆ ಹಲವು ಬಾರಿ ಒಗೆದು ಬಿಸಿಲಿನಲ್ಲಿ ಒಣಗಿಸಿ ನೋಡಿ. ಬಟ್ಟೆ 180 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಅಳತೆ) ತೂಕದ, ಬಯೋವಾಶ್ ಆದ (ಕಿಣ್ವದಿಂದ ತೊಳೆದು ಮೇಲಿನ ಜುಂಗು ತೆಗೆದ) ನೂರಕ್ಕೆ ನೂರು ಹತ್ತಿಯದಾಗಿರಲಿ. ಅದಕ್ಕಿಂತ ತೆಳುವಾದದ್ದು ಬೇಗನೆ ರೂಪಗೆಡುತ್ತದೆ. ಮುದ್ರಣ ಡಿಟಿಜಿಯೋ ಡಿಟಿಎಫೋ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಡಿಟಿಜಿಯಲ್ಲಿ ಶಾಯಿ ನೇರವಾಗಿ ನೂಲಿಗೆ ಇಳಿಯುವುದರಿಂದ ಮುಟ್ಟಿದರೆ ಮೆತ್ತಗಿರುತ್ತದೆ. ಡಿಟಿಎಫ್‌ನಲ್ಲಿ ಫಿಲ್ಮಿನ ಮೇಲೆ ಮುದ್ರಿಸಿ, ಅಂಟುಪುಡಿ ಉದುರಿಸಿ, ಬಿಸಿಯಿಂದ ಒತ್ತಿ ಅಂಟಿಸುವುದರಿಂದ ಬಣ್ಣ ಎದ್ದು ಕಾಣುತ್ತದೆ; ಆದರೆ ಎದೆಯಗಲಕ್ಕೂ ತುಂಬಿದ ಚಿತ್ರವಾದರೆ ಗಾಳಿಯಾಡದೆ ಬೆವರು ಕಟ್ಟುತ್ತದೆ. ಮಂಗಳೂರಿನ ಸೆಕೆಯಲ್ಲಿ ಅಂಥದ್ದನ್ನು ಒಮ್ಮೆ ತೊಟ್ಟವರು ಎರಡನೆಯದನ್ನು ಕೊಳ್ಳುವುದಿಲ್ಲ.

ಗೆರೆಗಾರ

ನೂಲುಗಾರರ ಮಾತಿಗೆ ಅಕ್ಷರದ ವಿಷಯವನ್ನು ಸೇರಿಸುತ್ತೇನೆ. ಕಡು ಬಣ್ಣದ ಬಟ್ಟೆಗೆ ಡಿಟಿಜಿ ಮಾಡುವಾಗ ಮೊದಲು ಬಿಳಿ ಶಾಯಿಯ ತಳಪದರ ಬೀಳುತ್ತದೆ. ಅದು ತುಸು ಹರಡಿದರೂ ಸಾಕು, ಠ ಮತ್ತು ಥ ಅಕ್ಷರಗಳ ಒಳಗಿನ ಚುಕ್ಕಿ ಸುತ್ತಲಿನ ಗೆರೆಗೆ ಅಂಟಿಕೊಳ್ಳುತ್ತದೆ, ಧ ಮತ್ತು ಭ ಅಕ್ಷರಗಳ ಅಡಿಯಲ್ಲಿರುವ ಸೀಳು ಮುಚ್ಚಿಹೋಗುತ್ತದೆ. ಒತ್ತಕ್ಷರಗಳಂತೂ ಮೂಲದಲ್ಲೇ ಚಿಕ್ಕವು. ಪರದೆಯ ಮೇಲೆ ಹಿಗ್ಗಿಸಿ ನೋಡಿ ತೃಪ್ತಿಪಡದೆ, ಮನೆಯ ಪ್ರಿಂಟರಿನಲ್ಲಿ ನಿಜವಾದ ಅಳತೆಗೆ ಕಾಗದದ ಮೇಲೆ ತೆಗೆದು ಆ ಸಂದುಗಳನ್ನು ಪರೀಕ್ಷಿಸಿ, ಬೇಕಾದಲ್ಲಿ ಅಗಲಿಸಿ.

ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಒಡೆದು ಕಾಣಿಸಿದರೆ ಅಕ್ಷರವಿನ್ಯಾಸದ ಆಯ್ಕೆಯನ್ನು ವರ್ಲ್ಡ್-ರೆಡಿಗೆ ಬದಲಿಸಬೇಕು. ಎಷ್ಟೇ ಸರಿಯಾಗಿ ಕಂಡರೂ ಪಠ್ಯವನ್ನು ಔಟ್‌ಲೈನ್ ಮಾಡಿದ, ಅಂದರೆ ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿದ ಮೇಲೆಯೇ ಕಡತವನ್ನು ತಯಾರಿಸಿ: ಹಿನ್ನೆಲೆಯಿಲ್ಲದ ಪಿಎನ್‌ಜಿ, 300 ಡಿಪಿಐ. 12 ಇಂಚು ಅಗಲ, 16 ಇಂಚು ಎತ್ತರದ ಮುದ್ರಣಕ್ಕೆ ಇದು 3600ಕ್ಕೆ 4800 ಪಿಕ್ಸೆಲ್ ಆಗುತ್ತದೆ. ಫಾಂಟಿನ ಪರವಾನಗಿಯನ್ನೂ ನೋಡಿಕೊಳ್ಳಿ; ಬಲೂ ತಮ್ಮ, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಮೊದಲಾದವು ಮುಕ್ತ ಪರವಾನಗಿಯವಾದ್ದರಿಂದ ಅವುಗಳಿಂದ ಮಾಡಿದ ವಿನ್ಯಾಸವನ್ನು ಮಾರಲು ಅಡ್ಡಿಯಿಲ್ಲ. ರಾಜ್ಯೋತ್ಸವಕ್ಕೆ ಅರಿಶಿನ ಕುಂಕುಮದ ಬಣ್ಣಗಳನ್ನು ಬಳಸುವುದಾದರೆ, ಪರದೆಯಲ್ಲಿ ಮಿನುಗುವ ಹಳದಿ ಬಟ್ಟೆಯ ಮೇಲೆ ಮಂಕಾಗುವುದನ್ನು ಮಾದರಿ ಅಂಗಿಯಲ್ಲಿಯೇ ಗಮನಿಸಿ.

ಅಕ್ಷರಪ್ರಿಯೆ, ಶಿವಮೊಗ್ಗ

ಇಬ್ಬರಿಗೂ ಧನ್ಯವಾದಗಳು. ಎರಡೂ ಕಡೆಯಿಂದ ಮಾದರಿ ತರಿಸುತ್ತೇನೆ. ಇನ್ನೆರಡು ಅನುಮಾನಗಳಿವೆ. ಕ್ಯಾಶ್ ಆನ್ ಡೆಲಿವರಿ ಇಡಬೇಕೇ? ಕುವೆಂಪು ಅವರ ಒಂದು ಸಾಲನ್ನು ಬರೆದು ಮಾರಬಹುದೇ?

ಲೆಕ್ಕದಮನೆ

ಕ್ಯಾಶ್ ಆನ್ ಡೆಲಿವರಿ ಇಟ್ಟರೆ ಆರ್ಡರ್ ಹೆಚ್ಚುವುದು ನಿಜ, ಆದರೆ ಬಾಗಿಲಿಗೆ ಬಂದ ಪಾರ್ಸೆಲನ್ನು ಬೇಡವೆನ್ನುವವರೂ ಹೆಚ್ಚುತ್ತಾರೆ. ಉದಾಹರಣೆಗೆ, 599 ರೂಪಾಯಿಗೆ ಮಾರುವ ಅಂಗಿಗೆ ಬಟ್ಟೆ ಮತ್ತು ಮುದ್ರಣಕ್ಕೆ 280, ಸಾಗಣೆಗೆ 70 ಎಂದಿಟ್ಟುಕೊಂಡು, ಶೇಕಡಾ 5ರ ಜಿಎಸ್‌ಟಿಯನ್ನೂ ಪಾವತಿ ಗೇಟ್‌ವೇಯ ಶುಲ್ಕವನ್ನೂ ಕಳೆದರೆ ಕೈಗೆ ಉಳಿಯುವುದು ಹೆಚ್ಚುಕಡಿಮೆ 210 ರೂಪಾಯಿ. ಒಂದು ಅಂಗಿ ಮರಳಿ ಬಂದರೆ ಹೋಗುವ ಬರುವ ಸಾಗಣೆ ಸೇರಿ 420 ರೂಪಾಯಿ ಸಿಕ್ಕಿಕೊಳ್ಳುತ್ತದೆ. ಎರಡು ಮಾರಾಟದ ಲಾಭ ಅಲ್ಲಿಗೆ ಮುಗಿಯಿತು. ಅದೇ ವಿನ್ಯಾಸವನ್ನು ಅದೇ ಅಳತೆಯಲ್ಲಿ ಮತ್ತೊಬ್ಬರು ಕೇಳುವವರೆಗೆ ಆ ಅಂಗಿ ಕಪಾಟಿನಲ್ಲೇ ಇರುತ್ತದೆ. ಆರಂಭದಲ್ಲಿ ಯುಪಿಐ ಮುಂಗಡ ಪಾವತಿ ಸಾಕು. ಬೇಕಾದರೆ ಮುಂಗಡ ಕೊಟ್ಟವರಿಗೆ ಅಲ್ಪ ರಿಯಾಯಿತಿ ಕೊಡಿ.

ತೆರಿಗೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲವೆಂಬ ಮಾತನ್ನು ನಂಬಿ ಹೊರರಾಜ್ಯದ ಆರ್ಡರ್ ಒಪ್ಪಿಕೊಳ್ಳಬೇಡಿ. ಅಂತರರಾಜ್ಯ ಮಾರಾಟಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಮುಂಬೈನ ಕನ್ನಡಿಗರಿಗೆ ಒಂದು ಅಂಗಿ ಮಾರಿದರೂ ನೋಂದಣಿ ಕಡ್ಡಾಯ. ನೋಂದಣಿ ಇದ್ದರೆ ಮುದ್ರಕರು ಹಾಕುವ ಜಿಎಸ್‌ಟಿಯನ್ನು ನಿಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಲೂ ಬರುತ್ತದೆ.

ಎರಡನೆಯ ಅನುಮಾನಕ್ಕೆ ಉತ್ತರ: ಅನುಮತಿಯಿಲ್ಲದೆ ಬೇಡ. ನಮ್ಮ ಕಾನೂನಿನಂತೆ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ 2054ರ ಕೊನೆಯವರೆಗೆ ಹಕ್ಕು ವಾರಸುದಾರರದ್ದು. ಚಿತ್ರನಟರ ಮುಖ, ಸಿನಿಮಾ ಸಂಭಾಷಣೆಗಳಿಂದಲೂ ದೂರವಿರಿ. ಮುದ್ರಣ ಸೇವೆಗಳು ಅಪ್‌ಲೋಡ್ ಮಾಡಿದವರ ಮೇಲೆಯೇ ಪೂರ್ತಿ ಹೊಣೆ ಹೊರಿಸುವ ಷರತ್ತಿಗೆ ಮೊದಲೇ ಒಪ್ಪಿಗೆ ಪಡೆದಿರುತ್ತವೆ. ಬಸವಣ್ಣ, ಅಕ್ಕಮಹಾದೇವಿಯವರ ವಚನಗಳಿಗೂ ದಾಸರ ಪದಗಳಿಗೂ ಗಾದೆಗಳಿಗೂ ಈ ತೊಡಕಿಲ್ಲ.

ನೂಲುಗಾರ

ಇನ್ನೊಂದು ಮಾತು. ಅಕ್ಟೋಬರ್ ಕೊನೆಗೆ ದೀಪಾವಳಿಯ ರಜೆಯೂ ರಾಜ್ಯೋತ್ಸವದ ಬೇಡಿಕೆಯೂ ಒಟ್ಟಿಗೆ ಬೀಳುವ ವರ್ಷಗಳಲ್ಲಿ ಮುದ್ರಣವೂ ಕೊರಿಯರ್ ಕೂಡ ನಿಧಾನವಾಗುತ್ತವೆ. ನವೆಂಬರ್ 1ಕ್ಕೆ ತೊಡಬೇಕೆನ್ನುವವರ ಆರ್ಡರನ್ನು ಅಕ್ಟೋಬರ್ ಮಧ್ಯಕ್ಕೇ ಮುಚ್ಚಿಬಿಡಿ. ಯಾವುದಾದರೂ ಕನ್ನಡ ಸಂಘದವರು ಒಂದೇ ವಿನ್ಯಾಸದ ಐವತ್ತೋ ನೂರೋ ಅಂಗಿಗಳನ್ನು ಒಟ್ಟಾಗಿ ಕೇಳಿದರೆ, ಅದನ್ನು ಈ ಸೇವೆಗಳಿಗೆ ಕೊಡದೆ ಶಿವಮೊಗ್ಗದಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡುವವರನ್ನು ವಿಚಾರಿಸಿ. ಒಂದೆರಡು ಬಣ್ಣದ ಅಕ್ಷರವಿನ್ಯಾಸಕ್ಕೆ ಅದು ಅಗ್ಗ, ಬಾಳಿಕೆಯೂ ಹೆಚ್ಚು.