‘ಪರಿಪೂರ್ಣರಾಗಿರಿ’ ಎಂಬ ಆಜ್ಞೆ ಮತ್ತು ಎಲ್ಲವೂ ಸರಿಯಾಗಿಯೇ ಇರಬೇಕೆಂಬ ಗೀಳು: ಇವೆರಡನ್ನು ಬೇರ್ಪಡಿಸಿ ನೋಡುವುದು ಹೇಗೆ?

ಸಾಸಿವೆಕಾಳು (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ಕಳೆದ ತಿಂಗಳು ನಮ್ಮ ಸಭೆಯ ಭಾನುವಾರದ ಆರಾಧನೆಯಲ್ಲಿ ವಿಜ್ಞಾಪನಾ ಪ್ರಾರ್ಥನೆಯೊಂದನ್ನು (ಇತರರಿಗಾಗಿ ದೇವರಲ್ಲಿ ಬೇಡುವ ಪ್ರಾರ್ಥನೆ) ಬರೆದು ಓದುವ ಹೊಣೆಯನ್ನು ನನಗೆ ವಹಿಸಿದ್ದರು. ಅರ್ಧ ಪುಟದ ಬರಹ. ಅದನ್ನು ಹನ್ನೊಂದು ಸಲ ಬರೆದೆ. ಒಮ್ಮೆ ‘ದಯಪಾಲಿಸು’ ಎಂಬ ಪದ ಎರಡು ಬಾರಿ ಬಂದಿದೆಯೆಂದು ಹರಿದುಹಾಕಿದೆ. ಇನ್ನೊಮ್ಮೆ ರೋಗಿಗಳಿಗಾಗಿ ಬೇಡುವ ಸಾಲು ತೀರಾ ಸಪ್ಪೆಯಾಯಿತೆಂದು ಹರಿದೆ. ಮತ್ತೊಮ್ಮೆ, ನಂಬಿದರೆ ನಂಬಿ, ಬರಹ ಬಹಳ ಚೆನ್ನಾಗಿದೆ, ಕೇಳಿದವರು ನನ್ನ ಭಾಷೆಯನ್ನು ಹೊಗಳಿಬಿಟ್ಟರೆ ಅದು ಅಹಂಕಾರವಾದೀತು ಎಂದು ಹರಿದೆ. ಶನಿವಾರ ರಾತ್ರಿ ಹನ್ನೊಂದನೆಯ ಪ್ರತಿಯನ್ನು ಮೇಜಿನ ಮೇಲಿಟ್ಟುಕೊಂಡೇ, ಆರಾಧನೆಯ ಉಸ್ತುವಾರಿ ನೋಡಿಕೊಳ್ಳುವ ಹಿರಿಯರಿಗೆ ‘ಜ್ವರ ಬಂದಿದೆ, ನಾಳೆ ಬರಲಾಗುವುದಿಲ್ಲ’ ಎಂದು ಸಂದೇಶ ಕಳುಹಿಸಿದೆ. ನನಗೆ ಜ್ವರ ಇರಲಿಲ್ಲ. ಒಂದು ತಪ್ಪೂ ಇರದ ಪ್ರಾರ್ಥನೆಯನ್ನು ಬರೆಯಲು ಕುಳಿತವಳು ಸುಳ್ಳು ಹೇಳಿ ಎದ್ದೆ.

ರಾತ್ರಿ ಮಲಗುವ ಮುನ್ನ ಪ್ರಾರ್ಥಿಸುವಾಗಲೂ ಹೀಗೆಯೇ ಆಗುತ್ತದೆ. ನಡುವೆ ಮನಸ್ಸು ಬೇರೆಡೆ ಹರಿದರೆ ಆ ಪ್ರಾರ್ಥನೆ ಲೆಕ್ಕಕ್ಕೆ ಬಾರದು ಎನ್ನಿಸಿ ಮೊದಲಿನಿಂದ ಶುರುಮಾಡುತ್ತೇನೆ, ಕೆಲವು ದಿನ ನಾಲ್ಕೈದು ಸಲ. ‘ದೇವರು ಅಷ್ಟನ್ನೆಲ್ಲ ಕೇಳುವುದಿಲ್ಲ, ಸುಮ್ಮನಿರು’ ಎಂದು ಸ್ನೇಹಿತರು ಹೇಳುತ್ತಾರೆ. ಆದರೆ ಮತ್ತಾಯನ ಸುವಾರ್ತೆ 5:48ರಲ್ಲಿ, ಪರಲೋಕದಲ್ಲಿರುವ ತಂದೆಯು ಪರಿಪೂರ್ಣನಾಗಿರುವಂತೆ ನೀವೂ ಪರಿಪೂರ್ಣರಾಗಿರಿ ಎಂದು ಯೇಸುವೇ ಹೇಳಿದ್ದಾನಲ್ಲ? ಅದು ಸಲಹೆಯಲ್ಲ, ಆಜ್ಞೆ. ಅದನ್ನು ಹಗುರ ಮಾಡದೆ ಈ ಗೀಳಿನಿಂದ ಹೊರಬರುವ ದಾರಿ ಇದೆಯೇ?

ನಿವೃತ್ತ ಸಭಾಪಾಲಕ

ಸಹೋದರಿ, ನೀವು ಆ ವಚನವನ್ನು ಪಕ್ಕಕ್ಕೆ ಸರಿಸದೆ ಅದರ ಎದುರಿಗೇ ನಿಂತು ಕೇಳಿರುವುದು ನನಗೆ ಮೆಚ್ಚುಗೆಯಾಯಿತು. ಆ ಆಜ್ಞೆಯನ್ನು ಹಗುರ ಮಾಡಬೇಕಾದ ಅಗತ್ಯವಿಲ್ಲ. ಅದು ಯಾವುದರ ಕುರಿತು ಹೇಳಿದ ಮಾತು ಎಂಬುದನ್ನು ನೋಡಿದರೆ ಸಾಕು.

ದಯವಿಟ್ಟು 43ನೆಯ ವಚನದಿಂದ ಓದಿಕೊಂಡು ಬನ್ನಿ. ಯೇಸು ಅಲ್ಲಿ ಮಾತನಾಡುತ್ತಿರುವುದು ವೈರಿಗಳನ್ನು ಪ್ರೀತಿಸುವ ವಿಷಯವಾಗಿ. ತಂದೆಯು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸೂರ್ಯನನ್ನು ಮೂಡಿಸುತ್ತಾನೆ, ನೀತಿವಂತರಿಗೂ ಅನೀತಿವಂತರಿಗೂ ಮಳೆ ಸುರಿಸುತ್ತಾನೆ. ನಿಮ್ಮನ್ನು ಪ್ರೀತಿಸುವವರನ್ನಷ್ಟೇ ನೀವು ಪ್ರೀತಿಸಿದರೆ ನಿಮ್ಮ ಹೆಚ್ಚುಗಾರಿಕೆ ಏನು ಎಂದು ಕೇಳಿ, ಆ ಮಾತಿನ ಕೊನೆಗೆ ‘ಪರಿಪೂರ್ಣರಾಗಿರಿ’ ಎನ್ನುತ್ತಾನೆ. ಹಾಗಾಗಿ ಅದು ಯಾರನ್ನೂ ಹೊರಗಿಡದ ಪ್ರೀತಿಯ ಪೂರ್ಣತೆ. ಲೂಕನ ಸುವಾರ್ತೆಯಲ್ಲಿ ಇದೇ ಬೋಧನೆ ಬರುವಾಗ, 6:36ರಲ್ಲಿ, ‘ಪರಿಪೂರ್ಣ’ ಎಂಬ ಪದದ ಜಾಗದಲ್ಲಿ ‘ಕರುಣೆಯುಳ್ಳವರು’ ಎಂಬ ಪದವೇ ಇದೆ.

ಇನ್ನು ಆ ಪದದ ಮಾತು. ಗ್ರೀಕ್ ಮೂಲದಲ್ಲಿರುವುದು ‘ತೆಲೆಯೊಸ್’. ಗುರಿ, ಕೊನೆ ಎಂಬ ಅರ್ಥದ ‘ತೆಲೊಸ್’ನಿಂದ ಹುಟ್ಟಿದ ಪದವದು. ಪೂರ್ತಿ ಬೆಳೆದದ್ದು, ತಾನು ಆಗಬೇಕಾದದ್ದು ಆಗಿರುವಂಥದ್ದು ಎಂಬ ಅರ್ಥಕ್ಕೂ ಅದು ಸಲ್ಲುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 5:14ರಲ್ಲಿ, ಹಾಲು ಕುಡಿಯುವ ಕೂಸಿಗೆ ಎದುರಾಗಿ ಗಟ್ಟಿ ಆಹಾರ ತಿನ್ನುವ ಪ್ರಾಯಸ್ಥರನ್ನು ಕರೆದಿರುವುದು ಇದೇ ಪದದಿಂದ. ಪೌಲನು ಫಿಲಿಪ್ಪಿಯವರಿಗೆ ಬರೆದ ಮೂರನೆಯ ಅಧ್ಯಾಯವನ್ನೂ ನೋಡಿ: 12ನೆಯ ವಚನದಲ್ಲಿ ‘ನಾನು ಇನ್ನೂ ಪೂರ್ಣತೆಗೆ ಬಂದವನಲ್ಲ’ ಎಂದು ಒಪ್ಪಿಕೊಂಡವನು, 15ರಲ್ಲಿ ಅದೇ ಪದದ ಇನ್ನೊಂದು ರೂಪವನ್ನು ಬಳಸಿ, ತನ್ನನ್ನೂ ಸೇರಿಸಿಕೊಂಡು ‘ನಮ್ಮಲ್ಲಿ ಪೂರ್ಣರಾದವರು’ ಎನ್ನುತ್ತಾನೆ. ಇದರಲ್ಲಿ ವಿರೋಧವಿಲ್ಲ. ಇನ್ನೂ ಗುರಿ ಮುಟ್ಟಿಲ್ಲ ಎಂದು ತಿಳಿದು ಓಡುತ್ತಿರುವುದೇ ಪ್ರೌಢತೆಯ ಗುರುತು ಎಂಬುದು ಅವನ ಅಭಿಪ್ರಾಯ.

ನಿಮ್ಮ ಹನ್ನೊಂದು ಪ್ರತಿಗಳಲ್ಲಿ ನನಗೆ ಕಂಡದ್ದನ್ನು ಹೇಳಲೇ? ಆ ಪ್ರಾರ್ಥನೆ ಇದ್ದದ್ದು ರೋಗಿಗಳಿಗಾಗಿ, ದುಃಖದಲ್ಲಿರುವವರಿಗಾಗಿ. ಎರಡನೆಯ ಪ್ರತಿಯ ಹೊತ್ತಿಗೇ ಅವರು ಮರೆಯಾಗಿ, ಪುಟದ ತುಂಬ ನೀವೊಬ್ಬರೇ ಉಳಿದಿರಿ. ಕಟುವಾಗಿ ಕೇಳಿಸಿದರೆ ಕ್ಷಮಿಸಿ. ಪ್ರಸಂಗ ಸಿದ್ಧಮಾಡುವಾಗ ನಾನೂ ಎಷ್ಟೋ ಶನಿವಾರಗಳನ್ನು ಹೀಗೆಯೇ ಕಳೆದಿದ್ದೇನೆ.

ಆಪ್ತಸಮಾಲೋಚಕಿ

ಅಯ್ಯನವರು ವಚನದ ಅರ್ಥವನ್ನು ಬಿಡಿಸಿಟ್ಟಿದ್ದಾರೆ. ನಾನು ಭಯದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅರ್ಥ ತಿಳಿದ ಮೇಲೂ ಕೈ ನಡುಗುವುದು ನಿಲ್ಲುವುದಿಲ್ಲ.

ಮತ್ತಾಯನ 25ನೆಯ ಅಧ್ಯಾಯದಲ್ಲಿ ಧಣಿ ಒಪ್ಪಿಸಿಹೋದ ತಲಾಂತನ್ನು, ಅಂದರೆ ದೊಡ್ಡ ಮೊತ್ತದ ಹಣವನ್ನು, ನೆಲದಲ್ಲಿ ಹೂತಿಟ್ಟ ಮೂರನೆಯ ಆಳನ್ನು ಸೋಮಾರಿಯೆಂದೇ ನಾವು ನೆನೆಯುತ್ತೇವೆ, ಧಣಿಯೂ ಅವನನ್ನು ಹಾಗೆಯೇ ಗದರಿಸುತ್ತಾನೆ. ಆದರೆ ಅವನು ಕೊಡುವ ಕಾರಣವನ್ನು ಕೇಳಿ: ನೀನು ಕಠಿಣ ಮನುಷ್ಯನೆಂದು ನನಗೆ ಗೊತ್ತಿತ್ತು, ಹೆದರಿ ಹೂತಿಟ್ಟೆ. ಹಣವೇನೋ ಒಂದಿಷ್ಟೂ ಕಡಮೆಯಾಗದೆ ಹಿಂದಿರುಗಿತು. ಧಣಿಯ ಕುರಿತು ಅವನು ಮನಸ್ಸಿನಲ್ಲಿ ಬರೆದುಕೊಂಡಿದ್ದ ಚಿತ್ರವೇ ಅವನ ಕೈಗಳನ್ನು ಕಟ್ಟಿಹಾಕಿತ್ತು. ನಿಮ್ಮ ಮೇಜಿನ ಮೇಲೆ ಉಳಿದ ಹನ್ನೊಂದನೆಯ ಪ್ರತಿ ನನಗೆ ಆ ಹೂತಿಟ್ಟ ತಲಾಂತಿನಂತೆ ಕಾಣುತ್ತದೆ.

ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಪರಿಪೂರ್ಣತಾವಾದವನ್ನು ಮೂರು ಬಗೆಯಾಗಿ ವಿಂಗಡಿಸಿದರು: ನಾವು ನಮ್ಮ ಮೇಲೆಯೇ ಹೇರಿಕೊಳ್ಳುವುದು, ಇತರರ ಮೇಲೆ ಹೇರುವುದು, ಮತ್ತು ಇತರರು ನಮ್ಮಿಂದ ಪರಿಪೂರ್ಣತೆಯನ್ನೇ ನಿರೀಕ್ಷಿಸುತ್ತಿದ್ದಾರೆಂದು ಭಾವಿಸಿಕೊಳ್ಳುವುದು. ವಿಶ್ವಾಸಿಗಳ ವಿಷಯದಲ್ಲಿ ಈ ಮೂರನೆಯದು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಆ ‘ಇತರರ’ ಸಾಲಿನಲ್ಲಿ ದೇವರನ್ನೂ ಕೂರಿಸಿಬಿಡುತ್ತೇವೆ.

ರಾತ್ರಿಯ ಪ್ರಾರ್ಥನೆಯನ್ನು ಮತ್ತೆ ಮತ್ತೆ ಮೊದಲಿನಿಂದ ಆರಂಭಿಸುವ ವಿಷಯವನ್ನು ಮಾತ್ರ ನಾನು ಬೇರೆಯಾಗಿ ನೋಡುತ್ತೇನೆ. ಸಭೆಯ ಚರಿತ್ರೆಗೆ ಇದು ಹೊಸತಲ್ಲ. ಮುಂದೆ ಯೇಸುಸಭೆಯನ್ನು (ಜೆಸ್ವಿಟ್ ಸಂಘ) ಸ್ಥಾಪಿಸಿದ ಲೊಯೋಲಾದ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಗುರುಗಳ ಮುಂದೆ ಮಾಡಿದ ಪಾಪನಿವೇದನೆಯಲ್ಲಿ ಏನೋ ಬಿಟ್ಟುಹೋಗಿದೆಯೆಂಬ ಸಂಶಯದಿಂದ ಮತ್ತೆ ಮತ್ತೆ ನಿವೇದಿಸಿಕೊಳ್ಳುತ್ತಿದ್ದರು. ಪ್ರಾಣ ಬಿಡುವ ಯೋಚನೆಯವರೆಗೂ ಆ ಸಂಕಟ ಬೆಳೆದಿತ್ತು. ತೀರಾ ಸ್ಪಷ್ಟವಾಗಿರುವ ಪಾಪವಲ್ಲದೆ ಹಳೆಯದೇನನ್ನೂ ಹೇಳಕೂಡದೆಂದು ಅವರ ಗುರುಗಳು ಅಪ್ಪಣೆ ಮಾಡಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಅವರಿಗೆ ಎಲ್ಲವೂ ತೀರಾ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಕೊನೆಗೆ ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದೇ ಇಲ್ಲವೆಂದು ನಿರ್ಧರಿಸಿದ ಮೇಲೆ ಅವರಿಗೆ ಬಿಡುಗಡೆ ಸಿಕ್ಕಿತು. ಗಮನಿಸಿ, ಇನ್ನೂ ಚೆನ್ನಾಗಿ ಮಾಡುವುದರಿಂದ ಆ ಸಂಶಯ ತೀರಲಿಲ್ಲ. ಮರಳಿ ಮಾಡುವುದನ್ನು ನಿಲ್ಲಿಸಿದಾಗ ತೀರಿತು. ಇಂದು ಗೀಳು ಮನೋರೋಗಕ್ಕೆ ಕೊಡುವ ಚಿಕಿತ್ಸೆಯೂ ಬಹುಮಟ್ಟಿಗೆ ಇದೇ ದಾರಿಯಲ್ಲಿ ನಡೆಯುತ್ತದೆ: ಆತಂಕವನ್ನು ತಾಳಿಕೊಂಡು, ಮರಳಿ ಮಾಡಬೇಕೆಂಬ ಒತ್ತಾಯಕ್ಕೆ ಮಣಿಯದಿರುವುದು. ನಿಮಗೆ ಆ ಕಾಯಿಲೆ ಇದೆಯೆಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ನಿಮ್ಮನ್ನು ಕಂಡು ಮಾತನಾಡಿಸಿದ ಮನೋವೈದ್ಯರು. ನಿದ್ದೆಯನ್ನೂ ನೆಮ್ಮದಿಯನ್ನೂ ಅದು ಕೆಡಿಸುತ್ತಿದ್ದರೆ ಅವರನ್ನು ಕಾಣಿ. ಅದು ವಿಶ್ವಾಸದ ಕೊರತೆಯಲ್ಲ.

ಬಡಗಿಯ ಮಗ

ನನ್ನದೊಂದು ತಕರಾರಿದೆ. ‘ಕೃಪೆ ಸಾಕು’ ಎನ್ನುತ್ತ ಅರೆಬರೆ ಕೆಲಸ ಮಾಡುವವರನ್ನು ನಾನು ಸಭೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಹಾಡನ್ನು ಅಭ್ಯಾಸ ಮಾಡದೆ ಬಂದು ತಪ್ಪು ಹಾಡಿ, ‘ದೇವರು ಹೃದಯವನ್ನು ನೋಡುತ್ತಾನೆ’ ಎಂದು ನಗುವವರು, ಅಧ್ಯಾಯವನ್ನು ಓದದೆಯೇ ಮಕ್ಕಳಿಗೆ ಪಾಠ ಮಾಡುವವರು, ಹೀಗೆ. ಯಾವ ಕೆಲಸವನ್ನಾದರೂ ಕರ್ತನಿಗೆ ಮಾಡುವಂತೆ ಮನಃಪೂರ್ವಕವಾಗಿ ಮಾಡಿರಿ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆ ಹೇಳುತ್ತದಲ್ಲವೇ (3:23)? ಹನ್ನೊಂದು ಸಲ ಬರೆದವರಿಗೆ ಸಾಂತ್ವನ ಹೇಳುವ ಭರದಲ್ಲಿ, ಒಂದು ಸಲವೂ ಬರೆಯದವರಿಗೆ ನೆಪ ಒದಗಿಸಬೇಡಿ.

ನಿವೃತ್ತ ಸಭಾಪಾಲಕ

ನಿಮ್ಮ ತಕರಾರು ನ್ಯಾಯವಾದದ್ದೇ. ಆದರೆ ಈ ಸಹೋದರಿಯ ಮುಂದಿರುವ ಅಪಾಯ ಅದಲ್ಲ. ಜ್ವರದಲ್ಲಿರುವವನಿಗೆ ಚಳಿಯ ಮದ್ದು ಕೊಡಬಾರದು.

ಪರಿಪೂರ್ಣತೆಯ ಬೋಧನೆಯನ್ನು ಮೆಥಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿಯಷ್ಟು ಗಟ್ಟಿಯಾಗಿ ಹಿಡಿದವರು ಕಡಮೆ. 1766ರಲ್ಲಿ ಅವರು ಅದಕ್ಕಾಗಿಯೇ ಒಂದು ಪುಸ್ತಕ ಬರೆದರು. ಈ ಲೋಕದಲ್ಲೇ ಒಬ್ಬ ಕ್ರೈಸ್ತನು ಪೂರ್ಣ ಪ್ರೀತಿಯಲ್ಲಿ ಬಾಳಬಹುದೆಂದು ವಾದಿಸಿದ ಅವರೇ, ಅಂಥವನೂ ಅಜ್ಞಾನದಿಂದ, ತಪ್ಪು ತಿಳಿವಳಿಕೆಯಿಂದ, ದೇಹದ ಬಲಹೀನತೆಗಳಿಂದ ಮುಕ್ತನಲ್ಲವೆಂದು ಸ್ಪಷ್ಟಪಡಿಸುತ್ತಾರೆ. ಅವರ ಎಲ್ಲ ಮಾತನ್ನೂ ನಾನು ಒಪ್ಪುವವನಲ್ಲ, ಆ ಚರ್ಚೆ ಇಲ್ಲಿ ಬೇಡ. ಆದರೆ ಪರಿಪೂರ್ಣತೆಯ ಅಷ್ಟು ದೊಡ್ಡ ವಕ್ತಾರರೂ ಒಂದು ಪದ ಎರಡು ಸಲ ಬಂದದ್ದನ್ನು ಅದರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ.

ಮನಃಪೂರ್ವಕವಾಗಿ ಮಾಡಿದ ಕೆಲಸವನ್ನು ಗುರುತಿಸಲು ನನಗೆ ತಿಳಿದ ಉಪಾಯ ಇಷ್ಟೇ: ಅದು ಒಂದು ಹೊತ್ತಿಗೆ ಮುಗಿಯುತ್ತದೆ, ಮುಗಿದ ಮೇಲೆ ಬೇರೆಯವರ ಕೈ ಸೇರುತ್ತದೆ. ಸಹೋದರಿ, ಮುಂದಿನ ಬಾರಿ ಬರೆಯಲು ಕೂರುವ ಮುನ್ನವೇ ಎರಡು ಪ್ರತಿ, ಅದಕ್ಕಿಂತ ಹೆಚ್ಚಿಲ್ಲ ಎಂದು ಗೊತ್ತುಮಾಡಿಕೊಳ್ಳಿ. ಯಾರಿಗಾಗಿ ಬೇಡುತ್ತಿದ್ದೀರೋ ಅವರ ಹೆಸರುಗಳನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಂಡು ಆರಂಭಿಸಿ. ಆ ಹಿರಿಯರಿಗೆ ನಿಜವನ್ನೂ ಹೇಳಿಬಿಡಿ.

ಸಾಸಿವೆಕಾಳು

ಎಲ್ಲರಿಗೂ ಕೃತಜ್ಞತೆಗಳು. ‘ಪುಟದ ತುಂಬ ನೀವೊಬ್ಬರೇ ಉಳಿದಿರಿ’ ಎಂಬ ಮಾತನ್ನು ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ, ಆದ್ದರಿಂದ ಉತ್ತರಿಸಲು ತಡವಾಯಿತು.

ನಿನ್ನೆ ಹಿರಿಯರಿಗೆ ದೂರವಾಣಿ ಮಾಡಿ, ಅಂದು ಜ್ವರ ಇರಲಿಲ್ಲವೆಂದು ಹೇಳಿದೆ. ಹೇಳಬೇಕಾದ ಮಾತನ್ನು ಮೊದಲೇ ಬರೆದಿಟ್ಟುಕೊಂಡಿದ್ದೆ (ಒಂದೇ ಸಲ ಬರೆದೆ, ನಗಬೇಡಿ). ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ದಿನ ಪ್ರಾರ್ಥನೆಯನ್ನು ನಾನೇ ಮಾಡಿದೆ, ನಿಮ್ಮ ಜ್ವರಕ್ಕಾಗಿಯೂ ಬೇಡಿಕೊಂಡೆವು’ ಎಂದರು. ನಾಚಿಕೆಯಿಂದ ನನಗೆ ಮಾತೇ ಹೊರಡಲಿಲ್ಲ. ಬಳಿಕ ಅವರೇ, ಬರೆದದ್ದು ಇದ್ದರೆ ಕಳುಹಿಸಿ, ಈ ಭಾನುವಾರ ನೀವೇ ಓದಬಹುದು ಎಂದರು.

ರಾತ್ರಿಯ ಪ್ರಾರ್ಥನೆಯ ತೊಡಕು ಇನ್ನೂ ಹಾಗೆಯೇ ಇದೆ. ವೈದ್ಯರನ್ನು ಕಾಣಲು ಮುಂದಿನ ವಾರಕ್ಕೆ ಸಮಯ ಗೊತ್ತುಮಾಡಿಕೊಂಡಿದ್ದೇನೆ. ಹನ್ನೊಂದನೆಯ ಪ್ರತಿಯನ್ನು ಈಗಷ್ಟೇ ಹಿರಿಯರಿಗೆ ಕಳುಹಿಸಿದೆ. ಅದರಲ್ಲಿ ‘ಸಮಾಧಾನ’ ಎಂಬ ಪದ ಮೂರು ಸಲ ಬಂದಿರುವುದು ಕಳುಹಿಸುವ ಮೊದಲೇ ಕಣ್ಣಿಗೆ ಬಿದ್ದಿತ್ತು.