1/8000 ಶಟರು ಮತ್ತು ರೀಲು ಸುತ್ತುವ ಗುಂಡಿ

ಅಳಿಯ (ದಾವಣಗೆರೆ): ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಒಬ್ಬರು ಮಾರಾಟಕ್ಕೆ ಇಟ್ಟಿರುವ ನಿಕಾನ್ ಎಫ್100 ಫಿಲ್ಮ್ ಕ್ಯಾಮೆರಾದ ಜಾಹೀರಾತನ್ನು ಮೇಲೆ ಹಾಕಿದ್ದೇನೆ. 1999ರಲ್ಲಿ ಬಂದ ಮಾದರಿ. ಶಟರ್ ವೇಗ, ಅಂದರೆ ಫಿಲ್ಮಿನ ಮೇಲೆ ಬೆಳಕು ಬೀಳುವ ಹೊತ್ತು, 1/8000 ಸೆಕೆಂಡಿನವರೆಗೆ ಹೋಗುತ್ತದೆ, ಸೆಕೆಂಡಿಗೆ ನಾಲ್ಕೂವರೆ ಚಿತ್ರ ತೆಗೆಯುತ್ತದೆ, ಐದು ಬಿಂದುಗಳಲ್ಲಿ ತಾನೇ ಫೋಕಸ್ ಮಾಡಿಕೊಳ್ಳುತ್ತದೆ. ಮಾವನವರ ಪೆಂಟಾಕ್ಸ್ ಕೆ1000 ಇನ್ನು ಕಪಾಟಿನಲ್ಲಿರಲಿ, ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ ಇದನ್ನು ಕೊಳ್ಳೋಣ ಎಂಬುದು ನನ್ನ ಸಲಹೆ.

ನಾನು (ಚಿತ್ರದುರ್ಗ): ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದನ್ನೇ ಮೊದಲು ನೋಡೋಣ. ದುರ್ಗದ ಕೋಟೆಯ ಮೇಲೆ ಏಪ್ರಿಲ್ ತಿಂಗಳ ನಡುಹಗಲು ಎಂದುಕೊ. 100ರ ವೇಗದ (ಫಿಲ್ಮ್ ಬೆಳಕಿಗೆ ಸ್ಪಂದಿಸುವ ಅಳತೆ) ಫಿಲ್ಮ್ ಹಾಕಿದ್ದರೆ ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ರಂಧ್ರ, ಎಫ್ 16, ಶಟರ್ 1/125 ಎಂಬುದು ಫಿಲ್ಮ್ ಬಳಸಿದವರಿಗೆ ಬಾಯಿಪಾಠವಾಗಿರುವ ಲೆಕ್ಕ. ಅಪರ್ಚರನ್ನು ಎಫ್ 8ಕ್ಕೆ ತೆರೆದರೆ ಶಟರ್ 1/500 ಆಗುತ್ತದೆ. ನನ್ನ ಕ್ಯಾಮೆರಾ 1/1000ದವರೆಗೆ ಹೋಗುತ್ತದೆ, ಅಂದರೆ ಬಂಡೆಯೇ ಕಾಯುವಂಥ ಆ ಬಿಸಿಲಿನಲ್ಲಿಯೂ ಇನ್ನೊಂದು ಸ್ಟಾಪ್, ಅಂದರೆ ಬೆಳಕನ್ನು ಇನ್ನೊಮ್ಮೆ ಅರ್ಧಕ್ಕೆ ಇಳಿಸುವ ಅವಕಾಶ, ಉಳಿದಿರುತ್ತದೆ. 1/8000 ಬೇಕಾಗುವುದು ಅದೇ ಬಿಸಿಲಿನಲ್ಲಿ ಎಫ್ 2ಕ್ಕೆ ತೆರೆದು, ಹಿನ್ನೆಲೆಯನ್ನು ಮಸುಕಾಗಿಸಿ ಮುಖವೊಂದನ್ನೇ ತೆಗೆಯಲು ಹೊರಟಾಗ. ಅಂಥ ಚಿತ್ರ ಬೇಕೆನಿಸಿದಾಗಲೆಲ್ಲ ನಾನು ಜನರನ್ನು ಬಂಡೆಯ ನೆರಳಿಗೆ ಕರೆದು ನಿಲ್ಲಿಸಿದ್ದೇನೆ, ನೆರಳಿನಲ್ಲಿ ಮುಖವೂ ಚೆನ್ನಾಗಿ ಬಂದಿದೆ. ಇನ್ನು ಸೆಕೆಂಡಿಗೆ ನಾಲ್ಕೂವರೆ ಚಿತ್ರವೆಂದರೆ 36ರ ರೀಲು ಎಂಟೇ ಸೆಕೆಂಡಿನಲ್ಲಿ ಖಾಲಿ. ಇಂದು ರೀಲು ತರಿಸುವ, ತೊಳೆಸುವ, ಸ್ಕ್ಯಾನ್ ಮಾಡಿಸುವ ಖರ್ಚನ್ನು ಲೆಕ್ಕ ಹಾಕಿದವರು ಆ ಗುಂಡಿಯನ್ನು ಮುಟ್ಟುವುದೇ ಇಲ್ಲ.

ಅಕ್ಕ (ದಾವಣಗೆರೆ): ತಮ್ಮಾ, ನೀನು ಫೋಕಸಿನ ಮಾತನ್ನು ಬಿಟ್ಟುಬಿಟ್ಟೆ. ನಿನಗೀಗ ಅರವತ್ತೆರಡು. ಹೋದ ವರ್ಷ ನಾಮಕರಣದಲ್ಲಿ ನೀನು ತೆಗೆದ ರೀಲನ್ನು ನಾನೂ ನೋಡಿದ್ದೇನೆ, ಅದರಲ್ಲಿ ಮಗುವಿನ ಮುಖಕ್ಕಿಂತ ಹಿಂದಿನ ತೊಟ್ಟಿಲ ಹಗ್ಗದ ಎಳೆಗಳೇ ಸ್ಪಷ್ಟವಾಗಿ ಬಂದಿವೆ. ಕಣ್ಣು ಮಂಜಾದವರಿಗೆ ತಾನೇ ಫೋಕಸ್ ಮಾಡುವ ಕ್ಯಾಮೆರಾ ಆಡಂಬರವಲ್ಲ.

ನಾನು: ಅಕ್ಕಾ, ಅದನ್ನು ಒಪ್ಪುತ್ತೇನೆ. ಕೆ1000ದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೊಳಗೆ ನಡುವಿನ ಪುಟ್ಟ ವೃತ್ತದಲ್ಲಿ ಚಿತ್ರ ಮಿನುಗುವುದು ನಿಲ್ಲುವವರೆಗೂ ಲೆನ್ಸ್ ತಿರುಗಿಸಬೇಕು, ಅದು ನಿಂತಿತೋ ಇಲ್ಲವೋ ಎಂಬುದು ಸಂಜೆಯ ಬೆಳಕಿನಲ್ಲಿ ನನಗೆ ಈಗ ತಿಳಿಯುವುದಿಲ್ಲ. ಆದರೆ ಐದು ಬಿಂದುಗಳು ಬೇಕಿಲ್ಲ. ನಡುವಿನ ಒಂದನ್ನು ಕಣ್ಣಿನ ಮೇಲೆ ಇಟ್ಟು, ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಆಮೇಲೆ ಕ್ಯಾಮೆರಾವನ್ನು ಬೇಕಾದ ಕಡೆಗೆ ಸರಿಸಿಕೊಂಡರೆ ಸಾಕು.

ಇಷ್ಟು ವರ್ಷಗಳಲ್ಲಿ ನಾನು ಪ್ರತಿ ರೀಲಿನಲ್ಲಿಯೂ ಬಳಸಿದ್ದು ಯಾವುದೆಂದು ಕೇಳಿದರೆ, ಜಾಹೀರಾತಿನವರು ಎಂದೂ ಬರೆಯದ ಒಂದು ಗುಂಡಿಯನ್ನು ತೋರಿಸಬೇಕಾಗುತ್ತದೆ. ಕ್ಯಾಮೆರಾದ ಎಡತುದಿಯಲ್ಲಿ ರೀಲನ್ನು ಹಿಂದಕ್ಕೆ ಸುತ್ತುವ ಗುಂಡಿ ಇದೆಯಲ್ಲ, ಬಲಗಡೆಯ ಲಿವರ್ ಎಳೆದಾಗ ಅದು ತಾನೂ ತಿರುಗಬೇಕು. ತಿರುಗಿದರೆ ಒಳಗೆ ಫಿಲ್ಮ್ ಓಡುತ್ತಿದೆ ಎಂದರ್ಥ. ಅಪ್ಪನನ್ನು ಕೊನೆಯ ಬಾರಿಗೆ ಕೋಟೆ ಹತ್ತಿಸಿದ ದಿನ ನಾನದನ್ನು ನೋಡಿಕೊಳ್ಳಲಿಲ್ಲ. ಒನಕೆ ಓಬವ್ವನ ಕಿಂಡಿಯ ಬಳಿ ಕೋಲೂರಿ ನಿಂತದ್ದು, ಹಿಡಿಂಬೇಶ್ವರನ ಗುಡಿಯ ಮುಂದೆ ಕೈಮುಗಿದದ್ದು, ಅಕ್ಕ ತಂಗಿ ಹೊಂಡದ ದಡದಲ್ಲಿ ಚಪ್ಪಲಿ ಬಿಟ್ಟು ಕುಳಿತದ್ದು, ಎಲ್ಲವನ್ನೂ ತೆಗೆದೆ. ಲೆಕ್ಕದ ಮುಳ್ಳು 36 ದಾಟಿ 37, 38 ಎಂದು ಸಾಗಿದಾಗ ಎದೆ ಧಸಕ್ಕೆಂದಿತು. ಮನೆಗೆ ಬಂದು ಕ್ಯಾಮೆರಾದ ಹಿಂಬಾಗಿಲು ತೆರೆದರೆ, ಫಿಲ್ಮಿನ ನಾಲಿಗೆ ನಾನು ಸಿಕ್ಕಿಸಿದ್ದ ಸೀಳಿನಿಂದ ಜಾರಿ, ಇಟ್ಟಲ್ಲಿಯೇ ಇತ್ತು. ಒಂದು ಚಿತ್ರವೂ ಬಿದ್ದಿರಲಿಲ್ಲ.

ಅಳಿಯ: ಮಾವ, ನಾನು ಹೇಳಬೇಕೆಂದಿದ್ದ ಮಾತನ್ನು ತಾವೇ ಹೇಳಿದಿರಿ. ಎಫ್100ರಲ್ಲಿ ಫಿಲ್ಮಿನ ತುದಿಯನ್ನು ಗುರುತಿನವರೆಗೆ ಎಳೆದಿಟ್ಟು ಬಾಗಿಲು ಮುಚ್ಚಿದರೆ ಮೋಟಾರೇ ಸುತ್ತಿಕೊಳ್ಳುತ್ತದೆ, ಸಿಕ್ಕದಿದ್ದರೆ ಪರದೆಯ ಮೇಲೆ ತಪ್ಪಿನ ಗುರುತು ಮಿನುಗುತ್ತದೆ. 1983ರಿಂದ ರೀಲಿನ ಡಬ್ಬಿಯ ಮೇಲೆ ಡಿಎಕ್ಸ್ ಸಂಕೇತ ಬರುತ್ತಿದೆ, ಅದನ್ನು ಓದಿ ಫಿಲ್ಮಿನ ವೇಗವನ್ನೂ ಕ್ಯಾಮೆರಾ ತಾನೇ ಇಟ್ಟುಕೊಳ್ಳುತ್ತದೆ. ಚಂದ್ರವಳ್ಳಿಯಲ್ಲಿ ತಾವು 100ರ ಫಿಲ್ಮ್ ಹಾಕಿ ಫಿಲ್ಮ್ ವೇಗದ ಡಯಲನ್ನು 400ರಲ್ಲೇ ಮರೆತಿದ್ದರಿಂದ ಇಡೀ ರೀಲಿಗೆ ಎರಡು ಸ್ಟಾಪ್ ಬೆಳಕು ಕಡಿಮೆಯಾಯಿತು. ಈ ಕ್ಯಾಮೆರಾ ಇದ್ದಿದ್ದರೆ ಹಾಗೆ ಆಗುತ್ತಿರಲಿಲ್ಲ.

ನಾನು: ನಿಜ. ಹಾಗಿದ್ದಮೇಲೆ ನಿನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಇವೆರಡೂ ಇರಬೇಕಿತ್ತು, 1/8000 ಅಲ್ಲ. ಮೊಬೈಲಿನಲ್ಲಾದರೆ ತಪ್ಪು ಆ ಕ್ಷಣಕ್ಕೇ ಕಾಣುತ್ತದೆ. ಫಿಲ್ಮಿನಲ್ಲಿ ಅದು ತಿಳಿಯುವುದು ರೀಲು ತೊಳೆದು ಬಂದ ಮೇಲೆ, ಅಷ್ಟರಲ್ಲಿ ನಾಮಕರಣವೂ ಮುಗಿದಿರುತ್ತದೆ, ಅಪ್ಪನೂ ಇರುವುದಿಲ್ಲ. ಹವ್ಯಾಸಿಯೊಬ್ಬ ದಿನವೂ ಬಳಸುವುದು ಬೆಳಕನ್ನು ಅಳೆಯುವ ಲೈಟ್ ಮೀಟರಿನ ಮುಳ್ಳು, ಅಪರ್ಚರ್, ಶಟರ್ ಮತ್ತು ತಪ್ಪನ್ನು ಅಲ್ಲಿಯೇ ತೋರಿಸಿಕೊಡುವ ಒಂದೆರಡು ಗುರುತುಗಳು. ಉಳಿದವು ಇದ್ದರೂ ಇರಲಿ, ಅವುಗಳಿಗಾಗಿ ಹೆಚ್ಚು ಬೆಲೆ ಕೊಡಬೇಡ.

ತಂಗಿ (ಹಿರಿಯೂರು): ಅಣ್ಣಾ, ಬ್ಯಾಟರಿಯ ಮಾತನ್ನು ಯಾರೂ ಎತ್ತಲಿಲ್ಲ. 2022ರಲ್ಲಿ ನಮ್ಮ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ ನೀನು ಕೆ1000 ಹಿಡಿದು ಬಂದಿದ್ದೆ. ಲೆನ್ಸಿನ ಮುಚ್ಚಳ ಹಾಕದೆ ಬೆಳಕಿನಲ್ಲಿ ಇಟ್ಟಿದ್ದರಿಂದ ಮೀಟರಿನ ಬ್ಯಾಟರಿ ಸತ್ತಿತ್ತು. ನೀನು ಮೋಡದ ಬೆಳಕನ್ನು ಕಣ್ಣಳತೆಯಲ್ಲಿಯೇ ಲೆಕ್ಕ ಹಾಕಿ ತೆಗೆದ ಆ ಚಿತ್ರ ಇಂದಿಗೂ ನಮ್ಮ ಪಡಸಾಲೆಯಲ್ಲಿದೆ. ಈ ಹೊಸದರಲ್ಲಿ ಬ್ಯಾಟರಿ ಹೋದರೆ ಶಟರೇ ಬೀಳುವುದಿಲ್ಲವಲ್ಲ?

ಅಳಿಯ: ಬೀಳುವುದಿಲ್ಲ ಚಿಕ್ಕಮ್ಮ. ಆದರೆ ಅದಕ್ಕೆ ಬೇಕಾಗುವುದು ಪೆನ್ಸಿಲ್ ಸೆಲ್ ನಾಲ್ಕು, ಹಿರಿಯೂರಿನ ಯಾವ ಅಂಗಡಿಯಲ್ಲಿಯಾದರೂ ಸಿಗುತ್ತದೆ.

ನಾನು: ತಂಗಿಯ ಮಾತಿನಿಂದ ಒಂದು ವಿಷಯ ಇತ್ಯರ್ಥವಾಯಿತು. ಕೆ1000 ಕಪಾಟು ಸೇರುವುದು ಬೇಡ, ಅದು ಜೊತೆಗಿರಲಿ. ಎಫ್100ಕ್ಕೆ ನನ್ನ ಪಾಲಿನ ಹಣವನ್ನು ಕೊಡುತ್ತೇನೆ. ಆದರೆ ನೀನೇ ಬೆಂಗಳೂರಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಬೇಕು. ಹಳೆಯ ರೀಲೊಂದನ್ನು ಹಾಕಿಸಿ ಅದು ಸುತ್ತಿಕೊಳ್ಳುತ್ತದೆಯೇ ನೋಡು, ಬೇಕೆಂದೇ ತುದಿಯನ್ನು ಚಿಕ್ಕದಾಗಿ ಬಿಟ್ಟು ತಪ್ಪಿನ ಗುರುತು ಬರುತ್ತದೆಯೇ ನೋಡು, ಹಿಂಬಾಗಿಲಿನ ಚಿಲಕವನ್ನು ಹತ್ತು ಸಲ ತೆಗೆದು ಹಾಕು. ಕೊನೆಗೆ, ಗುಂಡಿ ಒತ್ತಿದ ಮೇಲೆ ಸ್ವಲ್ಪ ತಡೆದು ತಾನೇ ಚಿತ್ರ ತೆಗೆಯುವ ಸೆಲ್ಫ್ ಟೈಮರನ್ನು ಮರೆಯದೆ ಪರೀಕ್ಷಿಸು. ಕೆ1000ದಲ್ಲಿ ಅದಿಲ್ಲ. ಮನೆಯ ಆಲ್ಬಮ್ಮುಗಳಲ್ಲಿ ಅಪ್ಪ ಅವ್ವನ ಪಕ್ಕದಲ್ಲಿ ನೀವೆಲ್ಲರೂ ಇದ್ದೀರಿ, ನಾನು ಒಂದರಲ್ಲಿಯೂ ಇಲ್ಲ.

ಅಕ್ಕ: ಅದನ್ನು ನಾನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ, ತಮ್ಮಾ.

ಅಳಿಯ: ಭಾನುವಾರ ಹೋಗುತ್ತೇನೆ ಮಾವ. ನಾಳೆ ದಾವಣಗೆರೆಗೆ ಬರುವವರ ಕೈಯಲ್ಲಿ ಹಳೆಯ ರೀಲೊಂದನ್ನು ಕಳಿಸಿಕೊಡಿ.