ಡೌನ್‌ಲೋಡ್ ಮೂರು ನಿಮಿಷ, ಇನ್‌ಸ್ಟಾಲ್ ಮುಕ್ಕಾಲು ಗಂಟೆ. ಯಾಕೆ ಹೀಗೆ?

ಡೊಂಬಿವಲಿ ಹುಡುಗ:

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಈಸ್ಟ್‌ನಲ್ಲಿ ನಮ್ಮ ಅಪ್ಪನದೊಂದು ಸಣ್ಣ ಹೋಟೆಲ್ ಇದೆ. ರಾತ್ರಿ ಶಟರ್ ಎಳೆದು, ಗಲ್ಲಾ ಲೆಕ್ಕ ಮುಗಿಸಿ ಮನೆ ಸೇರುವಾಗ ಹನ್ನೊಂದು. ಬೆಳಿಗ್ಗೆ ಐದಕ್ಕೆ ಹಾಲಿನವನು ಬಂದು ಬಾಗಿಲು ಬಡಿಯುತ್ತಾನೆ. ನಡುವೆ ಗೇಮ್ ಆಡಲು ನನಗೆ ಸಿಗುವುದು ಒಂದೇ ಒಂದು ಗಂಟೆ.

ಮಂಗಳವಾರ ಕೂತೆ. ಕುಂದಾಪುರದಿಂದ ಒಬ್ಬ, ವಾಸ್ಕೋದಿಂದ ಒಬ್ಬ, ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಿದ್ದರು. ಅಷ್ಟರಲ್ಲಿ ಅಪ್‌ಡೇಟ್ ಬಂತು. 1.8 ಜಿಬಿ. ನಮ್ಮದು 100 ಎಂಬಿಪಿಎಸ್ ಲೈನ್, ಮೂರು ನಿಮಿಷದಲ್ಲಿ ಇಳಿದೇ ಹೋಯಿತು. ಆಮೇಲೆ ನೆಟ್ ಸೊನ್ನೆ, ಬರೀ ಡಿಸ್ಕ್ ಗೆರೆ ಮಾತ್ರ ಏರುತ್ತಾ ಇಳಿಯುತ್ತಾ ಇತ್ತು. 42 ನಿಮಿಷ! ಪಿಸಿ ಡಬ್ಬಿಯಿಂದ ಕರ್ ಕರ್ ಸದ್ದು ಬೇರೆ. ಅವರಿಬ್ಬರೂ ಎರಡು ಮ್ಯಾಚ್ ಆಡಿ ಮಲಗಿಯೂ ಬಿಟ್ಟರು.

ಇನ್ನೊಂದು ಸಿಟ್ಟಿನ ವಿಷಯ. 1.8 ಜಿಬಿ ಅಪ್‌ಡೇಟ್‌ಗೆ ಶುರುವಿನಲ್ಲಿ ಜಾಗ ಸಾಲದು ಅಂದಿತು. ಡಿಸ್ಕ್‌ನಲ್ಲಿ 11 ಜಿಬಿ ಖಾಲಿ ಇತ್ತು! ಅಣ್ಣನ ಮದುವೆ ವಿಡಿಯೋ ಅಳಿಸಬೇಕಾಯಿತು. ಅತ್ತಿಗೆಗೆ ಇನ್ನೂ ಗೊತ್ತಿಲ್ಲ.

ಗೇಮ್ ಒಟ್ಟು 92 ಜಿಬಿ. ಹೆಸರು ಹೇಳಲ್ಲ, ಅದರ ಅಭಿಮಾನಿಗಳು ಜಗಳಕ್ಕೆ ಬರ್ತಾರೆ. ಪಿಸಿ 2017ರಲ್ಲಿ ಅಸೆಂಬಲ್ ಮಾಡಿಸಿದ್ದು. ವಿಂಡೋಸ್ ಇರುವುದು ಪುಟ್ಟ ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್), ಗೇಮ್ ಎಲ್ಲಾ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ.

ಠಾಣೆ ಎಕ್ಸ್‌ಪ್ರೆಸ್:

ನೆಟ್ ಕಂಪನಿ ಬದಲಿಸು ಗುರು. ನನಗೂ ಹೀಗೇ ಆಗುತ್ತಿತ್ತು, 300 ಹಾಕಿಸಿದೆ.

ಡೊಂಬಿವಲಿ ಹುಡುಗ:

ಸರಿ ಹೋಯ್ತಾ?

ಠಾಣೆ ಎಕ್ಸ್‌ಪ್ರೆಸ್:

ಡೌನ್‌ಲೋಡ್ ಸರಿ ಹೋಯ್ತು.

ಲ್ಯಾಮಿಂಗ್ಟನ್ ರೋಡ್:

ತಮ್ಮಾ, ನೆಟ್ ಬದಲಿಸಲು ಹೋಗಬೇಡ. 100 ಎಂಬಿಪಿಎಸ್ ಅನ್ನುವುದು ಬಿಟ್ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಎಂಬಿ. 1.8 ಜಿಬಿಗೆ ಎರಡೂವರೆ ನಿಮಿಷ ಸಾಕು. ನಿನ್ನ ಮೂರು ನಿಮಿಷ ಸರಿಯಾಗಿಯೇ ಇದೆ. ಉಳಿದ 42 ನಿಮಿಷ ತಿಂದದ್ದು ಹಾರ್ಡ್ ಡಿಸ್ಕ್.

ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟು 19 ವರ್ಷ ಆಯಿತು. ಪಿಸಿ ಹ್ಯಾಂಗ್ ಆಗಿದೆ ಅಂತ ಹೆಗಲ ಮೇಲೆ ಹೊತ್ತು ತರುತ್ತಾರೆ, ನೋಡಿದರೆ ಇದೇ ಕತೆ.

ನಿಮ್ಮ ಹೋಟೆಲಿನ ಉದ್ರಿ ಪುಸ್ತಕ ಕಣ್ಣ ಮುಂದೆ ತಂದುಕೋ. ಹೊಲಿದು ಬೈಂಡ್ ಮಾಡಿದ ದಪ್ಪ ಪುಸ್ತಕ. ಸಾಲಿನ ಮೇಲೆ ಸಾಲು, ಎಲ್ಲೂ ಖಾಲಿ ಬಿಟ್ಟಿಲ್ಲ. ಈಗ ಊರಿಂದ ಅಪ್ಪ ಫೋನ್ ಮಾಡುತ್ತಾರೆ: 40ನೇ ಪುಟದಲ್ಲಿ ಶೆಟ್ಟರ ಹೆಸರಿನ ಕೆಳಗೆ ಮೂರು ಸಾಲು ಸೇರಿಸು. ಫೋನ್ ಮಾತು ಅರ್ಧ ನಿಮಿಷ. ಅದೇ ನಿನ್ನ ಡೌನ್‌ಲೋಡ್. ಆದರೆ ಸೇರಿಸುವುದು ಎಲ್ಲಿ? ಜಾಗವೇ ಇಲ್ಲ. ಹೊಸ ಪುಸ್ತಕ ತಂದು, 40ನೇ ಪುಟದವರೆಗೆ ಹಳೆಯದನ್ನು ನಕಲು ಮಾಡಿ, ಮೂರು ಸಾಲು ಬರೆದು, ಮತ್ತೆ ಉಳಿದದ್ದನ್ನೆಲ್ಲ ಇಳಿಸಬೇಕು. ಪೂರ್ತಿ ಮುಗಿದು ತಾಳೆ ನೋಡುವವರೆಗೆ ಹಳೆಯ ಪುಸ್ತಕ ಬಿಸಾಡುವಂತಿಲ್ಲ. ನಡುವೆ ಕರೆಂಟ್ ಹೋದರೆ? ಅಷ್ಟು ಹೊತ್ತು ಮೇಜಿನ ಮೇಲೆ ಎರಡು ಪುಸ್ತಕಕ್ಕೆ ಜಾಗ ಬೇಕು. ಮದುವೆ ವಿಡಿಯೋ ಬಲಿಯಾದದ್ದು ಹೀಗೆ.

ಗೇಮ್‌ನಲ್ಲಿ ಆ ಪುಸ್ತಕಕ್ಕೆ ಪ್ಯಾಕ್ ಫೈಲ್ ಅನ್ನುತ್ತಾರೆ. ಗೋಡೆಯ ಚಿತ್ರ, ಬಂದೂಕಿನ ಸದ್ದು, ಮ್ಯಾಪು, ಎಲ್ಲವನ್ನೂ ಗಂಟು ಕಟ್ಟಿ ಒಂದೇ ಫೈಲ್ ಮಾಡಿರುತ್ತಾರೆ. ಗೇಮ್ ಫೋಲ್ಡರ್ ತೆಗೆದು ನೋಡು, 10–15 ಜಿಬಿಯ ಒಂದೊಂದು ಫೈಲ್ ಕಂಡೀತು. ಉದಾಹರಣೆಗೆ, ಗೇಮ್ ಮಾರಿ ಅಪ್‌ಡೇಟ್ ಕೊಡುವ ಸ್ಟೀಮ್ ಆ್ಯಪ್ ಏನು ಮಾಡುತ್ತದೆ ಅಂದರೆ, ಪ್ರತಿ ಫೈಲನ್ನು ಸುಮಾರು 1 ಎಂಬಿಯ ತುಂಡುಗಳಾಗಿ ನೋಡುತ್ತದೆ. ಬದಲಾದ ತುಂಡು ಮಾತ್ರ ನೆಟ್‌ನಿಂದ ಬರುತ್ತದೆ. ಅಲ್ಲಿಗೆ ನೆಟ್ ಉಳಿಯಿತು. ಆದರೆ ಹೊಸ ತುಂಡು, ಹಳೆ ತುಂಡು ಸೇರಿಸಿ ಆ ಫೈಲನ್ನು ಹೊಸದಾಗಿ ಕಟ್ಟುವ ಕೆಲಸ ನಿನ್ನ ಡಿಸ್ಕ್‌ನ ತಲೆ ಮೇಲೆ. ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಡೆವಲಪರ್‌ಗಳಿಗೆ ಇದನ್ನು ಬರೆದೇ ಹೇಳಿದೆ: ಪ್ಯಾಕ್ ಫೈಲನ್ನು ಒಂದೆರಡು ಜಿಬಿ ಗಾತ್ರಕ್ಕೆ ಇಡಿ, ಒಳಗಿನ ಸಾಮಾನಿನ ಕ್ರಮ ಸುಮ್ನೆ ಅದಲು ಬದಲು ಮಾಡಬೇಡಿ ಅಂತ. ಎಲ್ಲರೂ ಕೇಳಬೇಕಲ್ಲ!

ಇನ್ನು ಸಮಯದ ಲೆಕ್ಕ. ನಿನ್ನ 92ರಲ್ಲಿ 60 ಜಿಬಿಯಷ್ಟು ಫೈಲ್‌ಗಳಿಗೆ ಕೈ ಬಿದ್ದಿದೆ ಅಂತ ಇಟ್ಟುಕೋ. ಹಾರ್ಡ್ ಡಿಸ್ಕ್ ಒಂದೇ ಸಮನೆ ಓದಿದರೆ ಸೆಕೆಂಡಿಗೆ 100 ಎಂಬಿ ಚಿಲ್ಲರೆ ಕೊಡುತ್ತದೆ. ಇಲ್ಲಿ ಅದೇ ಡಿಸ್ಕ್‌ನಿಂದ ಓದಿ ಅದೇ ಡಿಸ್ಕ್‌ಗೆ ಬರೆಯಬೇಕು. ಡಿಸ್ಕ್ ಒಳಗೆ ಓದುವ, ಬರೆಯುವ ಒಂದೇ ಮುಳ್ಳು ಆ ಕಡೆ ಈ ಕಡೆ ಓಡುತ್ತದೆ. ನೀನು ಕೇಳಿದ ಕರ್ ಕರ್ ಅದೇ. ಸೆಕೆಂಡಿಗೆ 25 ಎಂಬಿಗೆ ಇಳಿದರೂ ಆಶ್ಚರ್ಯ ಇಲ್ಲ. 60 ಜಿಬಿಗೆ 40 ನಿಮಿಷ. ಸರಿ ಹೋಯ್ತಲ್ವಾ?

ವಾಕಡ್ ಅಕ್ಕ:

ಉದ್ರಿ ಪುಸ್ತಕ ಸೂಪರ್. ಒಂದು ಮಾತು ಸೇರಿಸ್ತೀನಿ. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ, ಗೇಮ್‌ದಲ್ಲ, ಬ್ಯಾಂಕಿಂದು. ಆದರೂ ಡೆವಲಪರ್‌ಗಳು ಸೋಮಾರಿಗಳು ಅಂತ ಯಾರಾದರೂ ಬರೆಯುವ ಮೊದಲೇ ಹೇಳಿಬಿಡ್ತೀನಿ. ಫೈಲ್ ಹೀಗೆ ಊದಿಕೊಳ್ಳಲು ಎಷ್ಟೋ ಸಲ ಹಳೇ ಪಿಸಿಗಳ ಮೇಲಿನ ಕರುಣೆಯೇ ಕಾರಣ.

2014ರಲ್ಲಿ ಟೈಟನ್‌ಫಾಲ್ ಅನ್ನುವ ಗೇಮ್ ಪಿಸಿಗೆ ಬಂದಾಗ 48 ಜಿಬಿ ಇತ್ತು. ಅದರಲ್ಲಿ 35 ಜಿಬಿ ಬರೀ ಸದ್ದು! ಕಂಪ್ರೆಸ್ ಮಾಡಿ ಕುಗ್ಗಿಸಿರಲಿಲ್ಲ. ಎರಡು ಕೋರ್‌ನ ಬಡ ಪ್ರೊಸೆಸರ್‌ಗಳು ಸದ್ದು ಬಿಚ್ಚುತ್ತಾ ಕೂತರೆ ಆಟ ಓಡುವುದಿಲ್ಲ ಅಂತ ಹಾಗೆ ಇಟ್ಟಿದ್ದರು. ಹೆಲ್‌ಡೈವರ್ಸ್ 2 ಅನ್ನುವ ಗೇಮ್ ಇನ್ನೂ ಮಜಾ. ಹಾರ್ಡ್ ಡಿಸ್ಕ್ ಮುಳ್ಳು ದೂರ ಓಡದಿರಲಿ ಅಂತ ಒಂದೇ ಸಾಮಾನನ್ನು ಹತ್ತಾರು ಕಡೆ ನಕಲು ಮಾಡಿಟ್ಟಿದ್ದರು. ಪಿಸಿಯಲ್ಲಿ 150 ಜಿಬಿ ಮುಟ್ಟಿತ್ತು. 2025ರ ಕೊನೆಗೆ ಆ ನಕಲುಗಳನ್ನು ತೆಗೆದರು, 23 ಜಿಬಿ ಆಸುಪಾಸಿಗೆ ಇಳಿಯಿತು. ಅಂದರೆ ನಿನ್ನಂಥ ಹಾರ್ಡ್ ಡಿಸ್ಕ್‌ನವರಿಗಾಗಿ ನಾವೆಲ್ಲ ಜಾಗ ಕಳೆದುಕೊಂಡಿದ್ದೆವು ತಮ್ಮಾ. (ಸಿಟ್ಟಾಗಬೇಡ.)

ನಮ್ಮ ಮನೆಯಲ್ಲಿ ನನಗೂ ನನ್ನ ತಮ್ಮನಿಗೂ ಒಂದೇ ಗೇಮ್ ಹುಚ್ಚು. ಸ್ಟೀಮ್‌ನಲ್ಲಿ 2023ರಿಂದ ಒಂದು ಪಿಸಿಯಿಂದ ಇನ್ನೊಂದಕ್ಕೆ ಮನೆಯ ನೆಟ್‌ವರ್ಕ್‌ನಲ್ಲೇ ಗೇಮ್ ಸಾಗಿಸಬಹುದು. ಅವನು ಇಳಿಸುತ್ತಾನೆ, ನಾನು ಅವನಿಂದ ಎಳೆದುಕೊಳ್ತೀನಿ. ಆದರೆ ನಿನ್ನ ರೋಗಕ್ಕೆ ಅದು ಮದ್ದಲ್ಲ, ಡಿಸ್ಕ್ ಕೆಲಸ ಅಷ್ಟೇ ಇರುತ್ತದೆ.

ಲ್ಯಾಮಿಂಗ್ಟನ್ ರೋಡ್:

ಅಕ್ಕ ಹೇಳಿದ್ದು ಸರಿ. ತಮ್ಮಾ, ಮದ್ದು ಒಂದೇ, ಆ ಗೇಮನ್ನು ಎಸ್‌ಎಸ್‌ಡಿಗೆ ಸಾಗಿಸು. ವಿಂಡೋಸ್ ಇರುವ ಪುಟ್ಟದಕ್ಕೆ ತುರುಕಬೇಡ. ಎಸ್‌ಎಸ್‌ಡಿ ಕಂಠಪೂರ್ತಿ ತುಂಬಿದರೆ ಅದೂ ತೆವಳುತ್ತದೆ. ಬೇರೆಯದೊಂದು ಸಾಟಾ (ಕೇಬಲ್‌ನಿಂದ ಜೋಡಿಸುವ ಮಾದರಿ) ಎಸ್‌ಎಸ್‌ಡಿ ಸಾಕು, ನಿನ್ನ ಹಳೇ ಬೋರ್ಡಿಗೆ ಅದೇ ಸರಿ. ಮುಳ್ಳೇ ಇಲ್ಲ, ಸೆಕೆಂಡಿಗೆ 500 ಎಂಬಿ ಆಸುಪಾಸು. ಹಳೆಯ ಡಿಸ್ಕ್ ತೆಗೆಯಬೇಡ, ಮದುವೆ ವಿಡಿಯೋ ಇಡಲು ಆಗುತ್ತೆ. ಆ ವಿಡಿಯೋ ಮೊದಲು ವಾಪಸ್ ತರಲು ನೋಡು, ಆ ಡಿಸ್ಕ್ ಮೇಲೆ ಇನ್ನೇನೂ ಬರೆಯಬೇಡ.

ಡೊಂಬಿವಲಿ ಹುಡುಗ:

ಎರಡು ವಾರದ ನಂತರ ಬರೀತಿದ್ದೀನಿ. ವಿಡಿಯೋ ಹೋದದ್ದು ಹೋಯಿತು, 60 ಜಿಬಿ ಅದರ ಮೇಲೇ ಕೂತಿತ್ತು. ಪುಣ್ಯಕ್ಕೆ ವಿಡಿಯೋದವನ ಹತ್ತಿರ ಇನ್ನೊಂದು ಕಾಪಿ ಇತ್ತು. ಅತ್ತಿಗೆಗೆ ಇನ್ನೂ ಗೊತ್ತಿಲ್ಲ.

ಸೋಮವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಲೋಕಲ್ ಹಿಡಿದು ಲ್ಯಾಮಿಂಗ್ಟನ್ ರೋಡ್ ಅಣ್ಣನ ಅಂಗಡಿಗೆ ಹೋಗಿದ್ದೆ. ಎಸ್‌ಎಸ್‌ಡಿ ತಂದೆ, ಅರ್ಧ ದುಡ್ಡು ಉದ್ರಿ. ಗೇಮ್ ಸಾಗಿಸಲು ಅರ್ಧ ಗಂಟೆ ಹಿಡಿಯಿತು. ನಿನ್ನೆ 2.3 ಜಿಬಿಯ ಅಪ್‌ಡೇಟ್ ಬಂತು. ಇಳಿದ ಮೇಲೆ ಗಡಿಯಾರ ನೋಡುತ್ತಾ ಕೂತೆ. ನಾಲ್ಕು ನಿಮಿಷ! ಸದ್ದೂ ಇಲ್ಲ.

ಆದರೆ ಗೇಮ್ ತೆರೆದ ಕೂಡಲೇ ಶೇಡರ್ ಅಂತ ಇನ್ನೊಂದು ಪಟ್ಟಿ ಓಡುತ್ತದೆ, ಏಳೆಂಟು ನಿಮಿಷ. ಇದೇನು ಮತ್ತೆ?

ಲ್ಯಾಮಿಂಗ್ಟನ್ ರೋಡ್:

ಅದು ಡಿಸ್ಕ್ ಅಲ್ಲ, ಪ್ರೊಸೆಸರ್ ಕೆಲಸ. ಗೇಮ್ ಅಥವಾ ಗ್ರಾಫಿಕ್ಸ್ ಡ್ರೈವರ್ ಬದಲಾದಾಗ ಬೆಳಕು, ನೆರಳು ಬಿಡಿಸುವ ಸಣ್ಣ ಪ್ರೋಗ್ರಾಂಗಳನ್ನು ನಿನ್ನ ಕಾರ್ಡಿಗೆ ಹೊಂದುವಂತೆ ಮತ್ತೆ ತಯಾರು ಮಾಡಿಕೊಳ್ಳುತ್ತದೆ. ನಿನ್ನದು 2017ರ ಪ್ರೊಸೆಸರ್, ಏಳೆಂಟು ನಿಮಿಷ ಜಾಸ್ತಿ ಅಲ್ಲ. ತಪ್ಪಿಸಿ ಆಟಕ್ಕೆ ಇಳಿದರೆ ನಡುನಡುವೆ ತಡವರಿಸುತ್ತದೆ. ಓಡಲು ಬಿಟ್ಟು ಊಟ ಮಾಡಿ ಬಾ.